ವೆರ್ನನ ಇಪ್ಪತ್ತು ತೋಟಾಗಳು

ನವೆಂಬರ್ ೧೪, ಗುರುವಾರ

ಇವತ್ತು ತುಂಬಿಸಿದ ಇಪ್ಪತ್ತು ತೋಟಾಗಳಲ್ಲಿ ಒಂದಕ್ಕೆ ಎರಡು ಸಲ ಮದ್ದು ಸುರಿದೆನೇನೋ ಎಂಬ ಅನುಮಾನ ಬಂತು. ಹಾಗಾಗಿದ್ದರೆ ಬಂದೂಕು ಮುಖದ ಮುಂದೆಯೇ ಸಿಡಿಯುತ್ತದೆ.

ಅಣ್ಣ ವೆರ್ನನ ಹಳೆಯ ಬಂದೂಕಿಗೆ ಅಂಗಡಿಯಲ್ಲಿ ತೋಟಾ ಸಿಗುವುದಿಲ್ಲ. ಅವನ ಎಲ್ಕ್ ಜಿಂಕೆ ಬೇಟೆಗೆಂದೇ ಬಟ್ಟೆ ಒಗೆಯುವ ಕೋಣೆಯಲ್ಲಿ ತೋಟಾ ತುಂಬಿಸುವ ಈ ಹೊಸ ಮೇಜು ಹೂಡಿದ್ದು. ಮದ್ದು ಅಳೆಯುತ್ತಿದ್ದಾಗ ಅಣ್ಣ ಮಲಗಿರುವ ಕ್ಯಾಸ್ಪರ್ ಊರಿನ ಆಸ್ಪತ್ರೆಯಿಂದ ಅತ್ತಿಗೆ ಫೋನ್ ಮಾಡಿದರು.

"ಇನ್ನು ಮನೆಗೆ ಕಳ್ಸಲ್ವಂತೆ ಕಣೋ. ನಿಮ್ಮಣ್ಣಂಗೆ ಹೇಳಿಲ್ಲ. ತೋಟಾ ಆಯ್ತಾ ಕೇಳು ಅಂತಿದಾರೆ."

"ಆಯ್ತು ಅನ್ನಿ ಅತ್ತಿಗೆ."

ಆಮೇಲೆ ಎಷ್ಟನೆಯದಕ್ಕೆ ನಿಲ್ಲಿಸಿದ್ದೆನೆಂಬುದೇ ಮರೆತು, ಎಲ್ಲಕ್ಕೂ ಗುಂಡು ಕೂರಿಸಿ ಮುಚ್ಚಿಬಿಟ್ಟೆ, ದಡ್ಡ ನಾನು. ಯಾರೂ ಹಾರಿಸುವುದಿಲ್ಲವೆಂದು ಗೊತ್ತಿದ್ದೂ ಊಟ ಬಿಟ್ಟು ಒಂದೊಂದನ್ನೇ ಬಿಚ್ಚಿ ಮದ್ದು ತೂಗಿದೆ. ಇಪ್ಪತ್ತರಲ್ಲೂ ಅಳತೆ ಸರಿಯಾಗಿತ್ತು.

ಇದನ್ನು ವೆರ್ನನಿಗೆ ಹೇಳಬೇಕು ಅನ್ನಿಸುತ್ತಿದೆ. ಹೇಳಿದರೆ, ತಗೊಂಡು ಬಾರೋ ಬೇಟೆಗೆ ಹೋಗೋಣ ಅನ್ನುತ್ತಾನೆ.