ಎರಡು ಹಂಪು, ಬರಕೊಳ್ರಿ

ಜೂನ್ 12, ಸಂಜೆ ಐದು
ಇವತ್ತು ನಲವತ್ತೊಂದು ಮಕ್ಕಳನ್ನು ರಸ್ತೆ ದಾಟಿಸಿದೆ. ಗಬ್ಬೂರ ಬೈಪಾಸಿಗೆ ಹೋಗುವ ಟಿಪ್ಪರುಗಳು ಶಾಲೆ ಕಂಡರೂ ನಿಲ್ಲುವುದಿಲ್ಲ. ನಮ್ಮ ಮನೆಯವರಿದ್ದಾಗ ಅವರ ಕೂಗಿಗೇ ನಿಲ್ಲುತ್ತಿದ್ದವು. ಅವರು ತೀರಿಕೊಂಡು ಎರಡು ತಿಂಗಳು. ಕೆಂಪು ಬಾವುಟ ಈಗ ನನ್ನ ಕೈಯಲ್ಲಿ.

ಕಾರ್ಪೊರೇಟರ್ ಶಾಂತಯ್ಯ ಸಿಕ್ಕಿದ್ದರು. ಶಾಲೆ ಮುಂದೆ ಗಾಡಿ ನಿಧಾನ ಮಾಡಿಸುವ ರಸ್ತೆ ಹಂಪಿನ ಮಾತು ತೆಗೆದೆ, ಹಾಕಿಸುತ್ತೇನೆ ಅಂದಿದ್ದಿರಲ್ಲ ಅಂತ. "ನಾ ಯಾವಾಗ ಹಂಗ ಅಂದೇನ್ರಿ, ಅಕ್ಕಾರ?"

ಎಲೆಕ್ಷನ್‌ಗೆ ಮೊದಲು ಚಾನೆಲ್‌ನವರು ನಮ್ಮ ಚರ್ಚಿನ ಹಾಲಿನಲ್ಲಿ ಡಿಬೇಟ್ ಮಾಡಿಸಿದ್ದರು. ನಮ್ಮ ಮನೆಯವರು ಎದ್ದು ಹಂಪು ಕೇಳಿದ್ದರು. ಶಾಂತಯ್ಯ ಒಪ್ಪಿದ್ದರು. ಅಷ್ಟು ಜನ ಕೇಳಿದ್ದೇವೆ... ತೋರಿಸಲು ಏನೂ ಇಲ್ಲ.

ಜೂನ್ 15
ಚಾನೆಲ್ ಆಫೀಸಿಗೆ ಹೋಗಿದ್ದೆ. ಡಿಬೇಟ್ ಯೂಟ್ಯೂಬಿನಲ್ಲಿ ಈಗ ಇಲ್ಲ. ಎದುರು ಮನೆಯ ಜರೀನಾ ಹಾಕಿದ್ದ ತುಣುಕನ್ನೂ ಕಾಪಿರೈಟ್ ಅಂತ ತೆಗೆಸಿದ್ದಾರೆ.

"ಫೂಟೇಜ್ ಚಾನೆಲ್‌ದ್ರಿ. ಹೊರಗ ಕೊಡಂಗಿಲ್ಲ," ಅಂದ ಮ್ಯಾನೇಜರ್.

"ಹಾಲ್ ನಮ್ದು, ಪ್ರಶ್ನಿ ನಮ್ಮನಿಯವರ್ದು, ಓಟೂ ನಮ್ದು. ನಿಮ್ದೇನೈತ್ರಿ?"

"ಕ್ಯಾಮೆರಾ ನಮ್ದ್ರಿ."

ಅವನಿಗೇ ನಗು ಬಂತು. ಕೊಡಲಿಲ್ಲ.

ಬಸ್ಸಿನಲ್ಲಿ ಅಳು. ಹಂಪಿಗೋ, ಅವರ ದನಿಗೋ... ಫೋನಿನಲ್ಲಿ ಅವರ ಫೋಟೊ ಇವೆ. ದನಿ ಎಲ್ಲೂ ಇಲ್ಲ.

ಜೂನ್ 21, ಭಾನುವಾರ
ಹಾಲಿನ ಮೈಕ್ ಸೆಟ್ ನೋಡಿಕೊಳ್ಳುವ ನೇಥನ್‌ನನ್ನು ಕೇಳಿದೆ. ಆ ಸೆಟ್ಟಿನಲ್ಲಿ ಸದಾ ಒಂದು ಪೆನ್‌ಡ್ರೈವ್ ಇರುತ್ತದೆ. ಚರ್ಚಿಗೆ ಬರಲಾಗದ ಮುದುಕರಿಗೆ ಪಾದ್ರಿಯವರ ಭಾನುವಾರದ ಪ್ರಸಂಗ ಕಳಿಸಲು. ಸ್ವಿಚ್ ಹಾಕಿದರೆ ತಾನಾಗಿಯೇ ರೆಕಾರ್ಡ್.

"ಹಂಗಾದ್ರ ಡಿಬೇಟೂ ಆಗಿರಬೇಕ್ರಿ, ಆಂಟಿ! ಆದ್ರ ಆ ಪೆನ್‌ಡ್ರೈವ್ ಯಾರ ಮನಿಗೆ ಹೋತೋ..."

ಜೂನ್ 23
ಆ ಮುದುಕರ ಮನೆಗಳನ್ನು ಸುತ್ತಿದೆ, ಐದನೆಯ ಮನೆಯಲ್ಲಿ ಸಿಕ್ಕಿತು. ಪ್ರಸಂಗವೆಂದು ಅಕ್ಕವ್ವ ಆಯಿಗೆ ಕೊಟ್ಟುಬಿಟ್ಟಿದ್ದರು. ಹಾಸಿಗೆ ಹಿಡಿದು ಮೂರು ವರ್ಷವಾದ ಮುದುಕಿ. ಪೆನ್‌ಡ್ರೈವ್ ದಿಂಬಿನ ಕೆಳಗಿತ್ತು.

"ಆಯಿ, ಇದು ಪ್ರಸಂಗ ಅಲ್ರಿ. ವಾಪಸ್ ಯಾಕ ಕೊಡಲಿಲ್ಲ?"

"ಯಾಕ ಕೊಡ್ಲಿ? ಪ್ರಸಂಗಕ್ಕ ನಿದ್ದಿ ಬರ್ತೈತಿ. ಇದರಾಗ ಜಗಳ ಐತಿ, ಛಲೋ ಐತಿ. ನಿನ್ನ ಗಂಡನ ಒದರಾಟಾನೂ ಐತಿ ನೋಡು."

ತನ್ನ ಪುಟ್ಟ ಸ್ಪೀಕರಿಗೆ ಹಚ್ಚಿದಳು. "ಮೈಕ್ ತಗೋರಿ" ಅಂತ ಯಾರೋ. "ನನಗ ಮೈಕ್ ಯಾಕ್ರಿ!" — ದೂರದಿಂದ, ಪಕ್ಕದ ಓಣಿಯಿಂದ ಬಂದಂತೆ. ಅವರೇ.

ಆಮೇಲೆ ಶಾಂತಯ್ಯ, ಮೈಕಿನಲ್ಲಿ, ಸ್ಪಷ್ಟವಾಗಿ: "ಮೋಸೆಸಣ್ಣಾರ, ಗೆದ್ದ ನೂರು ದಿನದಾಗ ಸಾಲಿ ಮುಂದ ಎರಡು ಹಂಪು. ಬರಕೊಳ್ರಿ."

ಮೂರು ಸಲ ಹಚ್ಚಿಸಿದೆ. ಮೂರು ಸಲವೂ ಆಯಿ ನನ್ನ ಕೈ ಬಿಡಲಿಲ್ಲ.

ಜೂನ್ 26, ಸಂಜೆ ಆರು
ಚರ್ಚ್ ಕಮಿಟಿ ಒಪ್ಪಿತು. ರೆಕಾರ್ಡಿಂಗ್ ನಮ್ಮ ಹಾಲಿನದು, ಕೇಳಿದವರಿಗೆಲ್ಲ ಕೊಡುವುದು. ಜರೀನಾ ತಾಯಂದಿರ ವಾಟ್ಸಾಪ್ ಗುಂಪಿಗೆ ಹಾಕಿದಳು. ಮಧ್ಯಾಹ್ನವೇ ಶಾಂತಯ್ಯನವರ ಫೋನ್.

"ಅಕ್ಕಾರ, ದನಿ ನಂದ ಐತ್ರಿ... ವಾರ್ಡ್ ಸಭಾಕ್ಕ ಎಂಜಿನಿಯರ್‌ನ ಕರಕೊಂಡ ಬರ್ತೇನಿ. ಅಲ್ಲಿ ಮತ್ತ ಅದನ್ನ ಹಚ್ಚಬ್ಯಾಡ್ರಿ."

"ಹಚ್ಚತೇವ್ರಿ," ಅಂದೆ. ನನ್ನ ದನಿ ಅಷ್ಟು ಜೋರಿದೆ ಅಂತ ನನಗೇ ಗೊತ್ತಿರಲಿಲ್ಲ.

ಪೆನ್‌ಡ್ರೈವ್ ಆಯಿಗೆ ವಾಪಸ್ ಕೊಟ್ಟೆ. ನಕಲು ನನ್ನ ಫೋನಿನಲ್ಲಿದೆ. ಬಾವುಟ ಒಗೆದು ಹಾಕಿದ್ದೇನೆ, ಇನ್ನೂ ಒಣಗಿಲ್ಲ.

ನಾಳೆ ಹತ್ತೂವರೆಗೆ ವಾರ್ಡ್ ಸಭೆ. ಸ್ಪೀಕರ್ ನೇಥನ್ ತರುತ್ತಾನೆ.