ಖಾಲಿ ಬಿಟ್ಟ ಸಿಂಹಾಸನ

ಚೆನ್ನೈ, ಜೂನ್ 2001

ಅಪ್ಪಾಜಿ, ಇಲ್ಲಿಂದಲೇ ನಿಮಗೆ ಕೇಳಿಸುವ ಹಾಗೆ ಮಗಳ ನಮಸ್ಕಾರ!

ಪ್ರೊಫೆಸರು ನಮ್ಮ ಕಲಾ ಇತಿಹಾಸದ ಎಂ.ಎ. ತರಗತಿಯನ್ನು ಒಂದು ಗ್ಯಾಲರಿಗೆ ಕರೆದೊಯ್ದರು. ಎದುರಿಗೆ ಏನು ತೂಗುತ್ತಿತ್ತು ಗೊತ್ತೇ? ನಮ್ಮ ನಾಟಕ ಕಂಪನಿ ಮುಚ್ಚಿದಾಗ ಹರಾಜಾದ, ನೀವೇ ಬರೆದ ದರ್ಬಾರ್ ಪರದೆ! ಕೆಳಗೆ ಚೀಟಿ: ‘ಕಲಾವಿದ ಅಜ್ಞಾತ’. ನಡುವಿನ ಖಾಲಿ ಜಾಗ ತೋರಿಸಿ ಪ್ರೊಫೆಸರು, “ಸಿಂಹಾಸನವೇ ಇಲ್ಲದ ಅರಮನೆ! ರಾಜ್ಯ ಕಳೆದುಕೊಂಡವರ ಅಳಲು!” ಎಂದು ಭಾಷಣ ಬಿಗಿದರು.

“ಸಾರ್, ನಾಟಕದಲ್ಲಿ ಅದರ ಮುಂದೆ ನಿಜವಾದ ಸಿಂಹಾಸನ ಇಡ್ತಿದ್ವಿ! ಅದಕ್ಕೇ ನಮ್ಮಪ್ಪ ಬರೀಲಿಲ್ಲ!” ಎಂದು ಗುಡುಗಿದೆ.

“ಎನ್ನಮ್ಮಾ, ಇದೇನು ಡ್ರಾಮಾ ಸ್ಟೇಜಾ? ನಿಮ್ಮಪ್ಪನ ಸಹಿ ಎಲ್ಲಿದೆ, ತೋರಿಸು,” ಎಂದು ಪ್ರೊಫೆಸರು ತಮಿಳಿನಲ್ಲಿ ಗದರಿದರು.

ಪರದೆಗೆ ಸಹಿ ಹಾಕುವ ಪದ್ಧತಿ ನಮ್ಮಲ್ಲಿ ಎಲ್ಲಿತ್ತು? ಎಲ್ಲರೂ ನಕ್ಕರು. ನಿಮ್ಮ ಪರದೆಗಳ ಮೇಲಿನ ನನ್ನ ಪ್ರಬಂಧವನ್ನು ಪ್ರೊಫೆಸರು ಅಲ್ಲೇ ರದ್ದು ಮಾಡಿದರು. ಇನ್ನು ದೇವಸ್ಥಾನದ ಕಂಬಗಳ ಮೇಲೆ ಬರೆಯಬೇಕಂತೆ.

ಸೆಕೆಗೆ ಮೈತುಂಬ ಬೆವರುಸಾಲೆ. ಊಟ ಉಡುಪಿಯವರ ಹೋಟೆಲಿನಲ್ಲಿ, ಚಿಂತೆ ಬೇಡ. ಕಾರ್ಡು ತುಂಬಿತು. ಇನ್ನು ಮೇಲೆ ಗಣಪತಿ ಪೆಂಡಾಲಿಗೆ ಪರದೆ ಬರೆದರೂ ಸರಿ, ಮೊದಲು ನಿಮ್ಮ ಹೆಸರು ಬರೆಯಿರಿ, ಆಮೇಲೆ ಅರಮನೆ.

ದಮಯಂತಿ