ಟಿವಿಗೆ ಮಗಳು ಹಾಕಿದ ಬೀಗ

ಮನೆಯಿಂದ,
ಹದಿನಾಲ್ಕನೇ ತಾರೀಖು, ಬುಧವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯ? ಸೇತುವೆಯ ಮೇಲೆ ನಿಂತು ಅಳತೆ ತೆಗೆಯುವಾಗ ಗಾಳಿ ಬಡಿದು ಕಿವಿನೋವು ಮತ್ತೆ ಶುರುವಾಗಿಲ್ಲ ತಾನೇ? ಹತ್ತಿ ಇಟ್ಟುಕೋ ಎಂದು ಹೇಳೀ ಹೇಳೀ ನನಗೆ ಸಾಕಾಯಿತು. ಇಲ್ಲಿ ಎಲ್ಲರೂ ಕ್ಷೇಮ. ನನ್ನ ಮಂಡಿ ಇದ್ದ ಹಾಗೇ ಇದೆ. ಅಳಿಯಂದಿರು ಬಸ್ ಡಿಪೋಗೆ ಹೋಗುತ್ತಾರೆ, ಮೈತುಂಬ ಗ್ರೀಸ್ ಮೆತ್ತಿಕೊಂಡು ಬರುತ್ತಾರೆ, ಬಡಿಸಿದ್ದನ್ನು ಉಣ್ಣುತ್ತಾರೆ; ಅವರ ಮೇಲೆ ನನ್ನ ದೂರೇನಿಲ್ಲ. ನಿನ್ನ ಮಗಳು ಚಿನಕುರುಳಿಗೆ ಮುಂದಿನ ಎರಡು ಹಲ್ಲು ಬಿದ್ದಿವೆ. ಫೋನಿನಲ್ಲೇ ಎಲ್ಲ ಹೇಳೋಣವೆಂದರೆ "ಅಮ್ಮಾ, ಸೈಟಲ್ಲಿದ್ದೀನಿ, ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಡುತ್ತೀ. ನಿನ್ನ ಆ ಆಮೇಲೆ ಬರುವ ಹೊತ್ತಿಗೆ ಮಗು ಮಲಗಿರುತ್ತದೆ, ನಾನು ತೂಕಡಿಸುತ್ತಿರುತ್ತೇನೆ. ಕಾಗದವನ್ನಾದರೆ ಅರ್ಧಕ್ಕೆ ಕತ್ತರಿಸಲಾರೆಯಲ್ಲ, ಅದಕ್ಕೇ ಬರೆಯಲು ಕೂತೆ.

ವಿಷಯ ಮನೆಯ ಟಿವಿಯದು. ನಾಲ್ಕು ತಿಂಗಳ ಹಿಂದೆ ಹೊರಡುವಾಗ "ಮಗು ಕಂಡಕಂಡದ್ದೆಲ್ಲ ನೋಡಬಾರದು" ಎಂದು ಚಾನೆಲ್‌ಗಳಿಗೆ ಬೀಗ ಹಾಕಿ ಹೋದೆ. ಹಾಕು, ಬೇಡವೆನ್ನಲಿಲ್ಲ. ಆದರೆ ಹೊಡೆದಾಟ ಬಡಿದಾಟಕ್ಕೆ ಹಾಕಿ ಸುಮ್ಮನಾದೆಯಾ? ಅಡುಗೆಯದಕ್ಕೂ ಬೀಗ, ವಾರ್ತೆಗೂ ಬೀಗ, ನನ್ನ ಧಾರಾವಾಹಿಗೂ ಬೀಗ! ತೆರೆದಿದ್ದದ್ದು ಎರಡೇ, ಒಂದರಲ್ಲಿ ಪ್ರಾಣಿಗಳು, ಇನ್ನೊಂದರಲ್ಲಿ ಮಗ್ಗಿ. ಬೇರೆ ಯಾವುದನ್ನು ಒತ್ತಿದರೂ ಪರದೆ "ಅನುಮತಿ ಕೇಳಲೇ?" ಅನ್ನುತ್ತದೆ. ಹೂಂ ಎಂದು ಒತ್ತಿದರೆ ಅದು ಅಷ್ಟು ದೂರದಲ್ಲಿರುವ ನಿನ್ನ ಫೋನಿಗೆ ಬರಬೇಕು, ನೀನು ಅಲ್ಲಿ ಒತ್ತಬೇಕು, ಆಮೇಲೆ ಇಲ್ಲಿ ಚಿತ್ರ ಮೂಡಬೇಕು. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿನ ಮಾತನ್ನೆಲ್ಲ ಜೋಡಿಸಿದವಳು ನಾನು. ಧಾರಾವಾಹಿಯ ಸೊಸೆ ಆಸ್ಪತ್ರೆಯಿಂದ ಬಂದಳೋ ಇಲ್ಲವೋ ನೋಡಲು ಹೊಟ್ಟೆಯಲ್ಲಿ ಹುಟ್ಟಿದ ಮಗಳ ಅಪ್ಪಣೆ ಬೇಕೇ? ಒಂದು ದಿನ ನೀನು ಸೇತುವೆಯ ಕಂಬದ ಮೇಲಿದ್ದೆಯಂತೆ, ಅಪ್ಪಣೆ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟರಲ್ಲಿ ಸೊಸೆಯೂ ಇಲ್ಲ, ಆಸ್ಪತ್ರೆಯೂ ಇಲ್ಲ, ಜಾಹೀರಾತಿನಲ್ಲಿ ಯಾವನೋ ಚಾಕು ಮಾರುತ್ತಿದ್ದ. ಅಳಿಯಂದಿರನ್ನು ಕೇಳಿದರೆ "ಅತ್ತೆ, ನಿಮ್ಮ ತಾಯಿ-ಮಗಳ ಮಧ್ಯೆ ನನ್ನನ್ನ ಎಳೀಬೇಡಿ" ಎಂದು ಪೇಪರಿನ ಹಿಂದೆ ಅಡಗಿಕೊಂಡರು.

ನನ್ನದಿರಲಿ, ಹಲ್ಲು ಕಚ್ಚಿ ಸಹಿಸಿದೆ. ಸಹಿಸಲಾಗದ್ದು ನಿನ್ನ ಮಗಳ ಕಾಟ. ಶಾಲೆಯಿಂದ ಬಂದವಳೇ ಚೀಲ ಎಸೆದು ರಿಮೋಟ್ ಹಿಡಿಯುತ್ತಿದ್ದಳು. ಕುಸ್ತಿ ಬೇಕು ಎಂದು ಕೇಳುವುದು, ಷೇರು ಪೇಟೆ ಬೇಕು ಎಂದು ಕೇಳುವುದು, ಮನೆಯಲ್ಲಿ ಯಾರಿಗೂ ಬಾರದ ಭಾಷೆಯ ವಾರ್ತೆ ಬೇಕು ಎಂದು ಕೇಳುವುದು. ಒಂದೇ ಸಂಜೆ ಹತ್ತೊಂಬತ್ತು ಸಲ! ಮೊದಮೊದಲು ನೀನೂ ಬೇಡವೆಂದು ಒತ್ತಿ ಕೆಳಗೆ ಏನಾದರೂ ಬರೆಯುತ್ತಿದ್ದೆ, ಅದು ಇಲ್ಲಿ ಪರದೆಯ ಮೇಲೆ ಮೂಡುತ್ತಿತ್ತು. "ಕುಸ್ತಿ ಬೇಡ ಬಂಗಾರಿ, ಕಲಿತು ಬಂದು ನನ್ನನ್ನೇ ಎತ್ತಿ ಒಗೀತೀಯ" ಎಂದು ಬಂದಾಗ ಅವಳು ಅಕ್ಷರ ಕೂಡಿಸಿ ಕೂಡಿಸಿ ಓದಿ, ಬಿದ್ದು ಬಿದ್ದು ನಕ್ಕಿದ್ದಳು. ಆಮೇಲೆ ಬರೀ "ಬೇಡ" ಬಂತು, ಆಮೇಲೆ ಅದೂ ಇಲ್ಲ, ಒಂದು ಕೆಂಪು ಗೀಟು. ಆದರೂ ಇವಳು ಬಿಡಬೇಕಲ್ಲ! ತಪ್ಪಿ ನೀನು ಒಪ್ಪಿದರೆ ಎರಡು ನಿಮಿಷವೂ ನೋಡದೆ ಮತ್ತೊಂದು ಬೀಗದ ಚಾನೆಲ್‌ಗೆ ಹಾರುತ್ತಿದ್ದಳು. ಈ ಹಟ ನಿನ್ನದೇ, ನನ್ನ ಕಡೆ ಬೆರಳು ತೋರಿಸಬೇಡ. ತಲೆ ಕೆಟ್ಟು ಹೋಗಿ ಭಾನುವಾರ ಫೋನಿನಲ್ಲಿ ನಿನ್ನ ಮೇಲೆ ಕೂಗಾಡಿದೆ. "ಒಂದೋ ಬೀಗ ತೆಗಿ, ಇಲ್ಲಾಂದ್ರೆ ಟಿವೀನೇ ಎತ್ತಿ ಯಾರಿಗಾದ್ರೂ ಕೊಟ್ಬಿಡ್ತೀನಿ" ಎಂದೆ. ನೀನೂ "ಆಯ್ತಮ್ಮಾ, ನನಗೂ ಸಾಕಾಗಿದೆ" ಎಂದು ಆ ಕ್ಷಣವೇ ಎಲ್ಲವನ್ನೂ ತೆರೆದುಬಿಟ್ಟೆ.

ಗೆದ್ದೆ ಎಂದುಕೊಂಡೆ ಕಣೇ. ಗೆದ್ದದ್ದೇನು ಬಂತು? ಸೋಮವಾರ ನಿನ್ನ ಮಗಳು ಒಂದರಿಂದ ಶುರು ಮಾಡಿ ಒಂದೊಂದೇ ಚಾನೆಲ್ ಒತ್ತುತ್ತಾ ಹೋದಳು. ಎಲ್ಲದರಲ್ಲೂ ಚಿತ್ರ ಬಂತು. ರಿಮೋಟನ್ನು ದಿಂಬಿನ ಕೆಳಗೆ ತುರುಕಿ, ಗೋಡೆಗೆ ಮುಖ ಮಾಡಿ ಕೂತಳು. ನಿನ್ನೆಯೂ ಅದೇ ರಾಮಾಯಣ. ತಟ್ಟೆಯಲ್ಲಿ ಹಾಕಿದ್ದು ತಟ್ಟೆಯಲ್ಲೇ. ಮುದ್ದು ಮಾಡಿ ಕೇಳಿದೆ, ಗದರಿಸಿ ಕೇಳಿದೆ, ಗೋಡೆಯ ಸುಣ್ಣ ಕೆರೆಯುತ್ತಲೇ ಕೂತಳು. ಕೊನೆಗೆ ನಾನೇ ಕುಸ್ತಿ ಹಾಕಿ ಪಕ್ಕದಲ್ಲಿ ಕೂರಿಸಿಕೊಂಡರೆ ಅವಳು ಎದ್ದು ಹೋದಳು. ಈ ವಯಸ್ಸಿನಲ್ಲಿ ಇಬ್ಬರು ದಡಿಯರು ಉರುಳಾಡುವುದನ್ನು ನಾನೊಬ್ಬಳೇ ನೋಡಿದ್ದಾಯಿತು. ಬೀಗವಿದ್ದಾಗ ಬೇಕು ಬೇಕು, ತೆಗೆದ ಮೇಲೆ ಬೇಡ! ಇಂಥ ಮಗುವನ್ನು ಏನು ಮಾಡಬೇಕು, ನೀನೇ ಹೇಳು. ನಾಲ್ಕು ಸಾಲು ಗಟ್ಟಿಯಾಗಿ ಬೈದು ಬರೆ.

ನಿನ್ನ ಸೇತುವೆ ಬೇಗ ಆಚೆ ದಡ ಮುಟ್ಟಲಿ, ನೀನು ಬೇಗ ಮನೆ ಮುಟ್ಟು. ಹೊತ್ತುಹೊತ್ತಿಗೆ ಉಣ್ಣು.

ನಿನ್ನನ್ನು ಬೈಯಲೂ ಹಕ್ಕಿರುವ,
ಅಮ್ಮ

ಮರೆಯುವ ಮುಂಚೆ: ಲಕೋಟೆಗೆ ಅಂಟು ಹಚ್ಚುತ್ತಿದ್ದೆ, ಚಿನಕುರುಳಿ ಶಾಲೆಯಿಂದ ಬಂದು ರಿಮೋಟನ್ನು ನನ್ನ ಕೈಗಿಟ್ಟು ಕೇಳಿದಳು: "ಅಜ್ಜೀ, ಈಗ ಅಮ್ಮನ್ನ ಕೇಳೋಕೆ ಯಾವ ಚಾನೆಲ್ ಒತ್ಬೇಕು?" ಅಯ್ಯೋ, ನಾನೆಂಥ ದಡ್ಡಿ! ಮೇಲೆ ಬರೆದದ್ದನ್ನೆಲ್ಲ ಬಿಡು. ಬೀಗ ಹಾಕು ತಾಯೀ, ಈ ಕಾಗದ ಕೈಗೆ ಬಂದ ಗಳಿಗೆಯಲ್ಲೇ ಹಾಕು, ನನ್ನ ಧಾರಾವಾಹಿಗೂ ಹಾಕು. ಅವಳು ಕೇಳಿದಾಗ ಬೇಡವೆಂದೇ ಹೇಳು, ಆದರೆ ಗೀಟು ಎಳೆಯಬೇಡ, ಒಂದು ಸಾಲು ಬರೆ. ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಅಮ್ಮ ಮತ್ತೆ ಬೀಗ ಹಾಕ್ತಾಳೆ ಎಂದು ಬಾಯಿ ತಪ್ಪಿ ಅವಳಿಗೆ ಹೇಳಿಬಿಟ್ಟಿದ್ದೇನೆ. ಆಗಿನಿಂದ ಟಿವಿಯ ಮುಂದೆ ಕೂತು ಒಂದೊಂದೇ ಚಾನೆಲ್ ಒತ್ತಿ ನೋಡುತ್ತಿದ್ದಾಳೆ. ಇನ್ನೂ ಎಲ್ಲವೂ ತೆರೆದೇ ಇವೆ.